ತೀರಾ ಮಂದ ಬೆಳಕಿನ ಟಾರ್ಚ್ ಬೇಕು, ಯಾವುದು ತಗೊಳ್ಳಲಿ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಆಯಿ ರಾತ್ರಿ ಎರಡು ಸಲ ಏಳುತ್ತಾಳೆ. ಮೊಬೈಲ್ ಬೆಳಕು ಅವಳಿಗೆ ಕಣ್ಣು ಕುಕ್ಕುತ್ತದೆ, ಪಕ್ಕದಲ್ಲಿ ಮಲಗಿದ ಮಕ್ಕಳಿಗೂ ಎಚ್ಚರವಾಗುತ್ತದೆ. ಪೇಟೆಯಲ್ಲಿ ಕೇಳಿದರೆ ಎಲ್ಲರೂ ದೂರ ಬೀಳುವ ಟಾರ್ಚನ್ನೇ ತೋರಿಸುತ್ತಾರೆ. ಮಂದ ಬೆಳಕಿನದು, ಸೆಲ್ಲು ಬೇಗ ಮುಗಿಯದ್ದು ಸಿಗುತ್ತದಾ?

ಉತ್ತರ: ಸಿಗುತ್ತದೆ. ಒಂದೇ ಪೆನ್ಸಿಲ್ ಸೆಲ್ಲು ಹಾಕುವ ಸಣ್ಣ ಎಲ್‌ಇಡಿ ಟಾರ್ಚ್ ನೋಡಿ. ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಅದೇ ಎಎ ಅಳತೆಯ ಸೆಲ್ಲು. ಗುಂಡಿ ಒತ್ತಿದ ಕೂಡಲೇ ಅದು ಅತಿ ಕಡಿಮೆ ಬೆಳಕಿನಿಂದಲೇ ಶುರುವಾಗಬೇಕು. ಆ ಬೆಳಕು 1 ಲ್ಯೂಮೆನ್ ಅಥವಾ ಅದಕ್ಕೂ ಕೆಳಗಿರಬೇಕು. ಲ್ಯೂಮೆನ್ ಎಂದರೆ ದೀಪ ಒಟ್ಟು ಎಷ್ಟು ಬೆಳಕು ಕೊಡುತ್ತದೆ ಎಂಬುದರ ಅಳತೆ. ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಅತಿ ಜಾಸ್ತಿ ಬೆಳಕಿನ ಲೆಕ್ಕ. ನಿಮಗೆ ಬೇಕಾದದ್ದು ಹಿಂಬದಿಯ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಕೆಲವು ಕಂಪನಿಗಳು ಅದನ್ನು ಮೂನ್‌ಲೈಟ್ ಎನ್ನುತ್ತವೆ, ಕೆಲವು ಫೈರ್‌ಫ್ಲೈ ಎನ್ನುತ್ತವೆ. ಬೆಳದಿಂಗಳು, ಮಿಣುಕುಹುಳ. ಆ ಪಟ್ಟಿಯೇ ಇಲ್ಲದ ಟಾರ್ಚನ್ನು ಬಿಟ್ಟುಬಿಡಿ.

1 ಲ್ಯೂಮೆನ್ ಸಾಕಾ ಎಂಬ ಅನುಮಾನ ಬರುತ್ತದೆ. ಒಂದು ಮೇಣದ ಬತ್ತಿಯ ಬೆಳಕು ಸುಮಾರು 12 ಲ್ಯೂಮೆನ್. ಆದರೆ 10 ಚದರ ಮೀಟರಿನ ಮಲಗುವ ಕೋಣೆಯಲ್ಲಿ 1 ಲ್ಯೂಮೆನ್ ಬೆಳಕು ಹರಡಿದರೆ ಅದು ಹುಣ್ಣಿಮೆ ಬೆಳಕಿನ ಹತ್ತಿರ ಬರುತ್ತದೆ. ಹುಣ್ಣಿಮೆಯಲ್ಲಿ ಅಂಗಳದ ಕಲ್ಲು, ಮೆಟ್ಟಿಲು, ಚಪ್ಪಲಿ ಎಲ್ಲಾ ಕಾಣುತ್ತದೆ ಅಲ್ವಾ? ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಿದ್ದೆಯಿಂದ ಎದ್ದವರ ಕಣ್ಣು ಆಗಲೇ ಹಾಗೆ ಹೊಂದಿಕೊಂಡಿರುತ್ತದೆ. ಅಂಥ ಕಣ್ಣಿಗೆ ಜೋರು ಬೆಳಕು ಬಿದ್ದರೆ, ಟಾರ್ಚ್ ಆರಿಸಿದ ಮೇಲೆ ಹೊಸಿಲೂ ಕಾಣುವುದಿಲ್ಲ. ವಯಸ್ಸಾದವರು ಎಡವುವುದು ಆಗಲೇ.

ಸೆಲ್ಲಿನ ಲೆಕ್ಕ ನೋಡಿ. ಒಳ್ಳೆಯ ಅಲ್ಕಲೈನ್ ಪೆನ್ಸಿಲ್ ಸೆಲ್ಲಿನಲ್ಲಿ ಸುಮಾರು 3 ವ್ಯಾಟ್-ಗಂಟೆ ಶಕ್ತಿ ಇರುತ್ತದೆ, ಅಂದರೆ 1 ವ್ಯಾಟಿನ ದೀಪವನ್ನು 3 ಗಂಟೆ ಉರಿಸುವಷ್ಟು. ಎಲ್‌ಇಡಿ 1 ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ ಎಂದಿಟ್ಟುಕೊಳ್ಳಿ. 100 ಲ್ಯೂಮೆನ್ ಉರಿಸಿದರೆ ಹೆಚ್ಚೆಂದರೆ 3 ಗಂಟೆ. 1 ಲ್ಯೂಮೆನ್ ಉರಿಸಿದರೆ 300 ಗಂಟೆ. ಒಳಗಿನ ಸರ್ಕ್ಯೂಟ್ ಅರ್ಧ ತಿಂದರೂ 150 ಗಂಟೆ ಉಳಿಯಿತು. ರಾತ್ರಿಗೆ 8 ಗಂಟೆಯಂತೆ ಹಿಡಿದರೆ 18 ರಾತ್ರಿ. ರಾತ್ರಿಯಿಡೀ ಆರಿಸದೇ ಬಿಟ್ಟರೂ ಅಷ್ಟು ದಿನ!

ಲೆನ್ಸಿಗೆ ಕಾಗದ ಅಥವಾ ಟೇಪ್ ಅಂಟಿಸಿದರೆ ಆಗದಾ ಎಂದು ಕೇಳುವವರಿದ್ದಾರೆ. ಬೆಳಕು ಮಂದವಾಗುತ್ತದೆ, ನಿಜ. ಆದರೆ ಸೆಲ್ಲು ಮೊದಲಿನಷ್ಟೇ ಖರ್ಚಾಗುತ್ತದೆ. ಟೇಪಿನ ಹಿಂದೆ ಎಲ್‌ಇಡಿ ಜೋರಾಗಿಯೇ ಉರಿಯುತ್ತಿರುತ್ತದೆ.

ಅಂಗಡಿಯಲ್ಲಿ ಟಾರ್ಚನ್ನು ಕೈಗೆ ತೆಗೆದುಕೊಂಡು ಒಂದು ಸಲ ಒತ್ತಿ. ಮೊದಲು ಯಾವ ಬೆಳಕು ಬರುತ್ತದೆ? ಜೋರು ಬೆಳಕು ಬಂದು, ಮತ್ತೆ ಒತ್ತಿದರೆ ಕಡಿಮೆಯಾಗಿ, ಇನ್ನೊಮ್ಮೆ ಒತ್ತಿದರೆ ಪಕಪಕ ಮಿನುಗುವಂಥದ್ದು ಬೇಡ. ಕಡಿಮೆ ಬೆಳಕಿಗೆ ಬರುವ ಹೊತ್ತಿಗೆ ಮಕ್ಕಳು ಎದ್ದು ಕೂತಿರುತ್ತಾರೆ. ಹಗಲಿನಲ್ಲಿ, ಅಂಗಡಿ ಟ್ಯೂಬ್‌ಲೈಟಿನ ಕೆಳಗೆ, ಟಾರ್ಚ್ ಹತ್ತಿದೆಯೋ ಇಲ್ಲವೋ ಎಂದು ಅನುಮಾನ ಬಂದು ಮೂತಿಗೆ ಅಂಗೈ ಅಡ್ಡ ಹಿಡಿದು ನೋಡಬೇಕಾದರೆ, ಅದೇ ನಿಮಗೆ ಬೇಕಾದ ಟಾರ್ಚ್. ಬೆಳಕಿನ ಬಣ್ಣ ತುಸು ಹಳದಿ ಇದ್ದರೆ ಕಣ್ಣಿಗೆ ಹಿತ. ಪೂರ್ತಿ ಕೆಂಪು ಬೆಳಕಿನದು ನಾನು ಹೇಳುವುದಿಲ್ಲ. ಮಾತ್ರೆಯ ಚೀಟಿಯ ಮೇಲಿನ ಕೆಂಪು ಅಕ್ಷರ ಅದರಲ್ಲಿ ಮಾಯವಾಗುತ್ತದೆ.

ಇನ್ನು ಸೆಲ್ಲು. ನಮ್ಮ ಕಡೆ ಹಿರಿಯರು ಟಾರ್ಚಿಗೇ ಬ್ಯಾಟರಿ ಎನ್ನುತ್ತಾರೆ, ಒಳಗೆ ಹಾಕುವುದು ಸೆಲ್ಲು. ಮಳೆಗಾಲದಲ್ಲಿ ಟಾರ್ಚ್ ಹಾಳಾಗುವುದು ಬಹಳ ಸಲ ಈ ಸೆಲ್ಲಿನಿಂದಲೇ. ಅಗ್ಗದ ಸತು-ಇಂಗಾಲದ ಸೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಸವೆಯುತ್ತಾ ಹೋಗುತ್ತದೆ, ಕೊನೆಗೆ ತೂತಾಗಿ ಸೋರುತ್ತದೆ. ಮಂದ ಟಾರ್ಚಿನಲ್ಲಿ ಒಂದೇ ಸೆಲ್ಲು ತಿಂಗಳುಗಟ್ಟಲೆ ಕೂರುವುದರಿಂದ ಇದು ಹೆಚ್ಚು ಅಪಾಯ. ಅಲ್ಕಲೈನ್ ಕೂಡ ಮುಗಿದ ಮೇಲೆ ಬಿಟ್ಟರೆ ಸೋರುತ್ತದೆ. ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಂಡರೆ ಬಟ್ಟೆಯ ತುದಿಗೆ ಎರಡು ಹನಿ ಲಿಂಬು ರಸ ಹಾಕಿ ಒರೆಸಿ, ಆಮೇಲೆ ಚೆನ್ನಾಗಿ ಒಣಗಿಸಿ. ನನ್ನ ಆಯ್ಕೆ ಚಾರ್ಜ್ ಮಾಡಬಹುದಾದ ನಿಕ್ಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ಲು. ಅದರಲ್ಲಿ ಸುಮ್ನೆ ಇಟ್ಟರೂ ಚಾರ್ಜ್ ಬೇಗ ಇಳಿಯದ ಜಾತಿ ಇದೆ, ಅದನ್ನೇ ಕೇಳಿ ತಗೊಳ್ಳಿ. ಅದು ಸೋರುವುದು ತೀರಾ ಅಪರೂಪ. ಕರೆಂಟ್ ಇದ್ದಾಗ ಎರಡು ಸೆಲ್ಲು ಚಾರ್ಜ್ ಮಾಡಿಟ್ಟರೆ ಆಯಿತು. ಒಂದೇ ಸೆಲ್ಲಿನ ಟಾರ್ಚಿಗೆ ಇನ್ನೊಂದು ಅನುಕೂಲವೂ ಇದೆ. ಹಳೆ ಸೆಲ್ಲು, ಹೊಸ ಸೆಲ್ಲು ಬೆರೆಸಿ ಹಾಕುವ ತಪ್ಪು ಆಗುವುದೇ ಇಲ್ಲ.

ನೇರ ಪ್ಲಗ್ಗಿಗೆ ಹಾಕುವ ಅಗ್ಗದ ಚಾರ್ಜ್ ಟಾರ್ಚ್ ಈ ಕೆಲಸಕ್ಕೆ ಬೇಡ. ನಮ್ಮ ಮನೆಯಲ್ಲಿ ಒಂದಿತ್ತು. ದೀಪಾವಳಿ ಹೊತ್ತಿಗೆ ತಂದು, ಬೇಸಿಗೆ ಪೂರ್ತಿ ಮೊಳೆಗೆ ನೇತುಹಾಕಿದ್ದೆವು. ಜೂನ್‌ನಲ್ಲಿ ಮೊದಲ ಗಾಳಿಮಳೆಯ ರಾತ್ರಿ ಒತ್ತಿದರೆ ಹತ್ತಲಿಲ್ಲ. ಕರೆಂಟ್ ಬಂದ ಮೇಲೆ ಇಡೀ ರಾತ್ರಿ ಚಾರ್ಜಿಗೆ ಇಟ್ಟೆವು. ಐದು ನಿಮಿಷ ಉರಿದು ಆರಿತು. ಬಿಚ್ಚಿ ನೋಡಿದರೆ ಒಳಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಸೀಸದ ಬ್ಯಾಟರಿ, ಪಕ್ಕ ಉಬ್ಬಿಕೊಂಡಿತ್ತು. ಸೀಸದ ಬ್ಯಾಟರಿಯನ್ನು ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಅದು ಚಾರ್ಜ್ ಹಿಡಿಯುವುದಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈ ಮಂದ ಬೆಳಕು ಮನೆಯ ಒಳಗೆ ಮಾತ್ರ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಚ್ಚಲು, ಪಾಯಖಾನೆ ಹಿತ್ತಿಲಲ್ಲಿದೆ. ಕೊಟ್ಟಿಗೆಯಂತೂ ಅಂಗಳದ ಆಚೆ. ಮಳೆಗಾಲದ ರಾತ್ರಿ ಅಲ್ಲಿ ಹಾವು ಇರಬಹುದು. ಅದಕ್ಕೇ ಅದೇ ಟಾರ್ಚಿನಲ್ಲಿ 50 ಲ್ಯೂಮೆನ್‌ನ ಇನ್ನೊಂದು ಮಟ್ಟ ಇರಲಿ. ಬಾಗಿಲು ತೆಗೆಯುವ ಮೊದಲು ಆಯಿ ಇನ್ನೊಂದು ಸಲ ಒತ್ತುವುದನ್ನು ರೂಢಿ ಮಾಡಿಕೊಳ್ಳಲಿ. ಹಗಲಿನಲ್ಲೇ ನಾಲ್ಕು ಸಲ ಅವರ ಕೈಯಿಂದಲೇ ಮಾಡಿಸಿ.

ಟಾರ್ಚನ್ನು ದಿಂಬಿನ ಅಡಿ ಇಡಬೇಡಿ. ಹಳೆ ಮನೆಯಾದರೆ ಗೋಡೆಯಲ್ಲಿ ದೀಪದ ಗೂಡು ಇರುತ್ತದೆ. ಅಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಕರೆಂಟ್ ಇಲ್ಲದ ರಾತ್ರಿ ಹಚ್ಚಿಯೇ ಬಿಡಿ. ಸೆಲ್ಲು ಹಾಕಿದ ತಾರೀಕನ್ನು ಚೀಟಿಯಲ್ಲಿ ಬರೆದು ಟಾರ್ಚಿಗೇ ಅಂಟಿಸಿ.