ಬಚತ್ ಗಟ್‌ನ ಬೇರು ನಮ್ಮ ಕಡೆಯದು

ಪುಣೆಯಲ್ಲಿ ನಮ್ಮ ಬೀದಿಯ ಕಟ್ಟಡ ಕೆಲಸಕ್ಕೆ ಬಂದಿರುವ ಅಫಜಲಪುರದ ಕಡೆಯ ಅಕ್ಕ ಒಬ್ಬರಿದ್ದಾರೆ. ಅವರ ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಪುಸ್ತಕವೊಂದಿದೆ. ಊರಿನ ಸ್ತ್ರೀಶಕ್ತಿ ಸಂಘದ್ದು. ವಾರವಾರ ಕಟ್ಟಿದ 20 ರೂಪಾಯಿ, ಎದುರಿಗೆ ಸಹಿ. ಒಂದು ಪುಟ ದಾಟಿದರೆ ಎಲ್ಲ ಖಾಲಿ. ಆ ವಾರ ಅವರು ಊರು ಬಿಟ್ಟರು.

ಇಲ್ಲಿನವರು ಇಂಥ ಸಂಘಕ್ಕೆ ಬಚತ್ ಗಟ್ ಅಂತಾರೆ. ಹೆಸರು ಮರಾಠಿ, ಆದರೆ ಇದರ ದೊಡ್ಡ ಬೇರು ಕರ್ನಾಟಕದ್ದು. 1984-85ರ ಮಾತು. ಹಳ್ಳಿಯ ಬಡವರ ನಡುವೆ ಕೆಲಸ ಮಾಡುವ ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಮೈರಾಡಾ ಬೆಳೆಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆಯತೊಡಗಿದವು. ಮುಂದಾಳುಗಳ ಮೇಲೆ ಜನಕ್ಕೆ ನಂಬಿಕೆ ಹೋಗಿತ್ತು. 'ಸಾಲ ತೀರಿಸುತ್ತೇವೆ, ಆದರೆ ಸೊಸೈಟಿಗಲ್ಲ, ನಿಮಗೆ' ಅಂದರು. ನಮಗ್ಯಾಕೆ, ನಿಮ್ಮ ನಿಮ್ಮಲ್ಲೇ ತೀರಿಸಿಕೊಳ್ಳಿ ಅಂದಿತು ಮೈರಾಡಾ. ಹಾಗೆ ಪರಸ್ಪರ ನಂಬುವವರು ಚಿಕ್ಕ ಚಿಕ್ಕ ಗುಂಪಾಗಿ ಕೂತರು. ಸಾಲ ಯಾರಿಗೆ, ಎಷ್ಟು, ಯಾಕೆ ಅಂತ ತಾವೇ ತೀರ್ಮಾನಿಸಿದರು. ನನಗೆ ಈ ಕತೆಯಲ್ಲಿ ದುಡ್ಡಿಗಿಂತ ಈ ತೀರ್ಮಾನವೇ ದೊಡ್ಡದು. ಮನೆಯಲ್ಲಿ ಮಾತಿಗೆ ಬೆಲೆ ಇಲ್ಲದ ಹೆಂಗಸು ಇಲ್ಲಿ 'ಬೇಡ, ಮೊದಲು ಅವಳ ಮಗಳ ಆಸ್ಪತ್ರೆಗೆ ಕೊಡೋಣ' ಅನ್ನಬಹುದು, ಅಲ್ವಾ?

1987ರಲ್ಲಿ ಕೃಷಿ ಮತ್ತು ಹಳ್ಳಿಗಳ ಅಭಿವೃದ್ಧಿಗಿರುವ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟು ಈ ಪ್ರಯೋಗಕ್ಕೆ ಕೈಜೋಡಿಸಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಬಂತು. ನೋಂದಣಿ ಬೇಡ, ಅಡಮಾನ ಬೇಡ. ಉಳಿತಾಯದ ಲೆಕ್ಕ ಸರಿಯಿದ್ದರೆ ಸಾಲ. ಒಡವೆ, ಹೊಲ ಯಾವುದೂ ತಮ್ಮ ಹೆಸರಲ್ಲಿಲ್ಲದ ಹೆಂಗಸರಿಗೆ ಇದು ಎಷ್ಟು ದೊಡ್ಡ ಬಾಗಿಲು!

ಪುಣೆ ಜಿಲ್ಲೆಯ ಖೇಡ್ ತಾಲ್ಲೂಕಿನಲ್ಲೂ 1980ರ ದಶಕದ ಕೊನೆಗೆ ಬಚತ್ ಗಟ್ ಶುರುವಾಯಿತು. ಅದರ ಹಿಂದಿದ್ದವರು ಮುಂದೆ 'ಚೈತನ್ಯ' ಸಂಸ್ಥೆ ಕಟ್ಟಿದ ಸುಧಾ ಕೊಠಾರಿ. ಆಮೇಲೆ ಸರ್ಕಾರಗಳೂ ಬಂದವು. ಕರ್ನಾಟಕದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ. 2011ರ ರಾಷ್ಟ್ರೀಯ ಜೀವನೋಪಾಯ ಯೋಜನೆಗೆ ಕರ್ನಾಟಕದಲ್ಲಿ ಸಂಜೀವಿನಿ ಅಂತ ಹೆಸರು, ಇಲ್ಲಿ ಮಹಾರಾಷ್ಟ್ರದಲ್ಲಿ ಉಮೇದ್.

ಎಲ್ಲದರ ಅಡಿಪಾಯ ಒಂದೇ: ಅಕ್ಕಪಕ್ಕದ ಮನೆಯವರು, ತಪ್ಪದ ಸಭೆ. ಊರಲ್ಲಿ ನಿಂತವರಿಗೆ ಸರಿ. ವರ್ಷದಲ್ಲಿ ಎಂಟು ತಿಂಗಳು ಊರು ಬಿಟ್ಟು ಕೆಲಸದ ಜಾಗದ ಶೆಡ್ಡಿನಲ್ಲಿರುವವರು ಏನು ಮಾಡಬೇಕು? ಆ ಅಕ್ಕನ ಹೆಸರು ಊರಿನ ಸಂಘದಿಂದ ಹೋಯಿತು. ಇಲ್ಲಿ ವಿಳಾಸದ ಕಾಗದ ಇಲ್ಲ. ಈಗ ಶೆಡ್ಡಿನ ಏಳು ಜನ ಸೇರಿ ಭಿಶಿ, ಅಂದರೆ ಎಲ್ಲರೂ ದುಡ್ಡು ಕೂಡಿಸಿ ಸರದಿಯಂತೆ ಒಬ್ಬೊಬ್ಬರು ಪಡೆಯುವ ಚೀಟಿ, ಹಾಕುತ್ತಾರೆ. ಭಾನುವಾರ ಸಂಜೆ ರೊಟ್ಟಿ ಬಡಿದಾದ ಮೇಲೆ ಲೆಕ್ಕ. ಒಂದು ದಿನವೂ ತಪ್ಪಿಲ್ಲ. ಆ ಲೆಕ್ಕದ ಪುಸ್ತಕ, ಟ್ರಂಕಿನಲ್ಲಿರುವ ಪುಸ್ತಕ, ಎರಡನ್ನೂ ಕೈಯಲ್ಲಿ ಹಿಡಿದು ಹೋದರೆ ಇಲ್ಲಿನ ಬ್ಯಾಂಕಿನವರು ಅವರನ್ನು ಕೂರಿಸಿ ಮಾತಾಡಿಸಬೇಕು. ಅಷ್ಟು ನಿಯಮ ಬದಲಾಗಲೇಬೇಕು.