ಪದ ಪರಿಚಯ: ಸ್ಪ್ಲಿಟಿಂಗ್ ಫೀಲ್ಡ್

ಒಂದು ಫೈನೈಟ್ ಗ್ರೂಪ್ (ತಮ್ಮೊಳಗೆ ಗುಣಿಸಬಹುದಾದ, ಆ ಗುಣಾಕಾರವನ್ನು ಹಿಂದಕ್ಕೂ ತಿರುಗಿಸಬಹುದಾದ ಸೀಮಿತ ಸದಸ್ಯರ ಗುಂಪು) ಇದೆ ಅಂದುಕೊಳ್ಳಿ. ಅದರ ಒಂದೊಂದು ಸದಸ್ಯಕ್ಕೂ ಒಂದೊಂದು ಮ್ಯಾಟ್ರಿಕ್ಸ್ ಕೊಟ್ಟು, ಅಲ್ಲಿನ ಗುಣಾಕಾರ ಇಲ್ಲೂ ಹಾಗೇ ನಡೆಯುವಂತೆ ಮಾಡಿದರೆ ಅದೇ ರೆಪ್ರೆಸೆಂಟೇಶನ್. ಕಾಂಪ್ಲೆಕ್ಸ್ ಸಂಖ್ಯೆಗಳನ್ನು ಬಳಸಿದರೂ ಅದು ಇನ್ನೂ ಚಿಕ್ಕದಾಗಿ ಒಡೆಯದಿದ್ದರೆ ಇರ್ರೆಡ್ಯೂಸಿಬಲ್. ಆದರೆ ಆ ಮ್ಯಾಟ್ರಿಕ್ಸ್‌ಗಳನ್ನು ಬರೆಯೋಕೆ ಅಷ್ಟೆಲ್ಲ ಸಂಖ್ಯೆಗಳು ಬೇಕಾ? ಎಷ್ಟೋ ಸಲ ಬೇಡ. ಒಂದು ಗ್ರೂಪಿನ ಇಂಥ ಎಲ್ಲ ರೆಪ್ರೆಸೆಂಟೇಶನ್‌ಗಳನ್ನೂ ಬರೆಯಲು ಸಾಲುವ ಫೀಲ್ಡನ್ನು (ಕೂಡಿಸಿ, ಕಳೆದು, ಗುಣಿಸಿ, ಭಾಗಿಸಿದರೂ ಹೊರಗೆ ಹೋಗದ ಸಂಖ್ಯೆಗಳ ಸಮೂಹವನ್ನು) ಅದರ ಸ್ಪ್ಲಿಟಿಂಗ್ ಫೀಲ್ಡ್ ಅನ್ನುತ್ತಾರೆ.

ಸಮಬಾಹು ತ್ರಿಭುಜವನ್ನು 120 ಡಿಗ್ರಿ ತಿರುಗಿಸಿ. ಮಾಮೂಲಿ ಅಕ್ಷಗಳಲ್ಲಿ ಬರೆದರೆ ಮ್ಯಾಟ್ರಿಕ್ಸ್‌ನಲ್ಲಿ √3 ಬಂದು ಕೂರುತ್ತದೆ. ಬೇಸಿಸ್, ಅಂದರೆ ಅಕ್ಷಗಳನ್ನು, ಬದಲಾಯಿಸಿದರೆ ಅದೇ ಮ್ಯಾಟ್ರಿಕ್ಸ್ (0, −1), (1, −1) ಎಂಬ ಎರಡು ಸಾಲುಗಳಾಗುತ್ತದೆ, ಬರೀ ಪೂರ್ಣಾಂಕಗಳು! √3 ಇದ್ದದ್ದು ನಾವು ಆರಿಸಿದ ಅಕ್ಷಗಳಲ್ಲಿ, ಗ್ರೂಪಿನಲ್ಲಲ್ಲ. ಕೆಲವು ವಸ್ತುಗಳ ಎಲ್ಲ ಅದಲುಬದಲುಗಳಿಂದಾಗುವ ಗ್ರೂಪಿಗೆ ಸಿಮೆಟ್ರಿಕ್ ಗ್ರೂಪ್ ಅನ್ನುತ್ತಾರೆ; ಎಲ್ಲ ಸಿಮೆಟ್ರಿಕ್ ಗ್ರೂಪ್‌ಗಳಿಗೂ ಭಾಗಲಬ್ಧ ಸಂಖ್ಯೆಗಳೇ ಸಾಕು.

ಹಾಗಾದರೆ ಮ್ಯಾಟ್ರಿಕ್ಸ್‌ಗಳ ಟ್ರೇಸ್ (ಕರ್ಣದ ಮೇಲಿನ ಸಂಖ್ಯೆಗಳ ಮೊತ್ತ) ಯಾವ ಫೀಲ್ಡಿನಲ್ಲಿದೆಯೋ ಅಷ್ಟೇ ಸಾಕಲ್ವಾ? ಸಾಲದು. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಜಾಗ ಇದು.

8 ಸದಸ್ಯರ ಕ್ವಾಟರ್ನಿಯನ್ ಗ್ರೂಪ್ ನೋಡಿ: ±1, ±ಐ, ±ಜೆ, ±ಕೆ. ಅದರ 2×2 ರೆಪ್ರೆಸೆಂಟೇಶನ್‌ನ ಟ್ರೇಸ್‌ಗಳು 2, −2, 0 ಮಾತ್ರ. ಆದರೂ ವಾಸ್ತವ ಸಂಖ್ಯೆಗಳಲ್ಲಿ ಇದನ್ನು ಬರೆಯಲು ಆಗುವುದೇ ಇಲ್ಲ. ಯಾಕೆ ಅಂದರೆ, ಐ ಎಂಬ ಸದಸ್ಯದ ವರ್ಗ −1, ಹಾಗಾಗಿ ಸರಿಯಾದ ಬೇಸಿಸ್ ಹಿಡಿದರೆ ಅದು (0, −1), (1, 0) ಆಗುತ್ತದೆ. ಜೆ ಎಂಬ ಸದಸ್ಯವನ್ನು ಐ ಜೊತೆ ಗುಣಿಸುವಾಗ ಕ್ರಮ ತಿರುಗಿಸಿದರೆ ಚಿಹ್ನೆ ಬದಲಾಗಬೇಕು, ಅದರಿಂದ ಜೆ (ಕ, ಖ), (ಖ, −ಕ) ರೂಪದಲ್ಲೇ ಇರಬೇಕು. ಜೆಯ ವರ್ಗವೂ −1. ಅಂದರೆ ಕ² + ಖ² = −1. ವಾಸ್ತವ ಸಂಖ್ಯೆಗಳಲ್ಲಿ ಇದು ಹೇಗೆ ತಾನೇ ಸಾಧ್ಯ?

ಟ್ರೇಸ್‌ಗಳಿರುವ ಫೀಲ್ಡಿನಿಂದ ಕನಿಷ್ಠ ಎಷ್ಟು ಡಿಗ್ರಿ (ಅಂದರೆ ಎಷ್ಟು ಪಟ್ಟು ಆಯಾಮದ ಫೀಲ್ಡಿಗೆ) ಮೇಲೆ ಹೋಗಬೇಕು ಎಂಬುದಕ್ಕೆ ಷೂರ್ ಇಂಡೆಕ್ಸ್ ಅಂತ ಹೆಸರು. ಭಾಗಲಬ್ಧ ಸಂಖ್ಯೆಗಳಿಂದ ಹೊರಟರೆ ಇಲ್ಲಿ ಅದು 2. ಫೈನೈಟ್ ಫೀಲ್ಡ್‌ಗಳಲ್ಲಿ ಈ ತೊಡಕಿಲ್ಲ, ಇಂಡೆಕ್ಸ್ ಯಾವಾಗಲೂ 1.

ಎಷ್ಟು ಸೇರಿಸಿದರೆ ಖಂಡಿತ ಸಾಕು ಅನ್ನುವುದನ್ನು ಗಣಿತಜ್ಞ ರಿಚರ್ಡ್ ಬ್ರೌವರ್ ಸಾಧಿಸಿದರು. ಗ್ರೂಪಿನ ಯಾವ ಸದಸ್ಯದ ಮ‌ನೇ ಘಾತ ತೆಗೆದರೂ 1 ಬರುವಂಥ ಒಂದು ಮ ಹಿಡಿದು, 1ರ ಮ‌ನೇ ಮೂಲಗಳನ್ನು ಭಾಗಲಬ್ಧ ಸಂಖ್ಯೆಗಳಿಗೆ ಸೇರಿಸಿದರೆ ಆಯಿತು. ಕ್ವಾಟರ್ನಿಯನ್‌ಗೆ ಮ = 4, ಅಂದರೆ √−1 ಸೇರಿಸಿದರೆ ಸಾಕು. ಆದರೆ ಅದೇ ಬೇಕು ಅಂತೇನಿಲ್ಲ. ಕ = 1, ಖ = √−2 ಹಾಕಿ ನೋಡಿ, 1 − 2 = −1. ಅಲ್ಲಿಗೆ √−2 ಸೇರಿಸಿದರೂ ಕೆಲಸ ನಡೆಯುತ್ತದೆ. ಈ ಎರಡು ಫೀಲ್ಡ್‌ಗಳಿಗೂ ಸಮಾನವಾಗಿರುವುದು ಭಾಗಲಬ್ಧ ಸಂಖ್ಯೆಗಳು ಮಾತ್ರ, ಅವು ಸಾಲವು ಅಂತ ಆಗಲೇ ನೋಡಿದೆವು. ಹಾಗಾಗಿ ಈ ಗ್ರೂಪಿಗೆ ‘ಎಲ್ಲಕ್ಕಿಂತ ಚಿಕ್ಕ’ ಸ್ಪ್ಲಿಟಿಂಗ್ ಫೀಲ್ಡ್ ಅನ್ನುವುದೇ ಇಲ್ಲ.