ಮೆಕ್ಕೆಜೋಳದ ಸುಳಿಯಲ್ಲಿ ಹುಳು: ಗೂಗಲ್‌ನಲ್ಲಿ ಮೇಲೆ ಬರುವ ಬರಹದ ಹಿನ್ನೆಲೆ

2018ರ ಮುಂಗಾರಿನಲ್ಲಿ ದಾವಣಗೆರೆ ಸುತ್ತಲಿನ ಹೊಲಗಳಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂದಿತ್ತು. ಎಲೆ ಬಿಡಿಸಿದರೆ ಸಾಲಾಗಿ ತೂತು, ಸುಳಿಯೊಳಗೆ ಒದ್ದೆ ಮರದ ಹೊಟ್ಟಿನಂಥ ಲದ್ದಿ. ಅಮೆರಿಕ ಖಂಡದಿಂದ ಬಂದ ಫಾಲ್ ಆರ್ಮಿವರ್ಮ್ ಎಂಬ ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಅದೇ ವರ್ಷದ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ರೈತರಿಗೆ ಆ ಹೆಸರು ಗೊತ್ತಿರಲಿಲ್ಲ. ಜಿಯೋ ಬಂದು ಎರಡು ವರ್ಷವಾಗುತ್ತಾ ಬಂದಿತ್ತು, ಕೈಯಲ್ಲಿ ಅಗ್ಗದ ಇಂಟರ್ನೆಟ್ ಇತ್ತು. ಗೂಗಲ್ 2017ರ ಆಗಸ್ಟ್‌ನಲ್ಲಿ ಕನ್ನಡದ ಮಾತನ್ನೂ ಕೇಳಿಸಿಕೊಳ್ಳಲು ಆರಂಭಿಸಿತ್ತು. ಅವರು ಕಣ್ಣಿಗೆ ಕಂಡದ್ದನ್ನೇ ಹೇಳಿ ಹುಡುಕಿದರು: ‘ಮೆಕ್ಕೆಜೋಳದ ಸುಳಿಯಲ್ಲಿ ಹುಳು’.

ಆಗ ನಾನು ಎಪಿಎಂಸಿ ಸಮೀಪದ ಬೀಜ-ಗೊಬ್ಬರದ ಅಂಗಡಿಯೊಂದರ ವೆಬ್‌ಸೈಟಿಗೆ ಬರೆದುಕೊಡುತ್ತಿದ್ದೆ. ಈ ಹುಳುವಿನ ಬಗ್ಗೆಯೂ ಒಂದು ಪುಟ ಬರೆದಿದ್ದೆ. ಮೊದಲ ಮೂರು ಪ್ಯಾರಾದಲ್ಲಿ ವೈಜ್ಞಾನಿಕ ಹೆಸರು, ಹುಳು ಹಬ್ಬಿದ ದೇಶಗಳ ಪಟ್ಟಿ, ಮುಸುಕಿನ ಜೋಳದ ಆರ್ಥಿಕ ಮಹತ್ವ. ಹುಳುವನ್ನು ಗುರುತಿಸುವ ಬಗೆ ಪುಟದ ತಳದಲ್ಲಿತ್ತು. ಹುಡುಕಿದ ರೈತರಲ್ಲಿ ಒಬ್ಬರಿಗಾದರೂ ಅದು ಸಿಕ್ಕಿದ್ದು ನನಗೆ ತಿಳಿದಿಲ್ಲ. ಬೆಳೆ ಹೋಗುತ್ತಿದ್ದ ದಿನಗಳವು. ಆ ಪುಟ ಏಕೆ ಕಾಣಲಿಲ್ಲ ಎಂದು ಹುಡುಕುತ್ತಾ ಹೋದಾಗ ಸರ್ಚ್ ಎಂಜಿನ್‌ಗಳ ಚರಿತ್ರೆಯನ್ನೇ ಓದಬೇಕಾಯಿತು.

1995ರಲ್ಲಿ ಬಂದ ಆಲ್ಟಾವಿಸ್ಟಾದ ಕಾಲದಲ್ಲಿ ಹುಡುಕಾಟವೆಂದರೆ ಮುಖ್ಯವಾಗಿ ಪದಗಳ ಹೊಂದಿಕೆ. ಹುಡುಕಿದ ಪದ ಪುಟದಲ್ಲಿ ಎಲ್ಲಿದೆ, ಎಷ್ಟು ಸಲ ಇದೆ ಎಂಬುದೇ ದೊಡ್ಡ ಲೆಕ್ಕ. ಹೀಗಾಗಿ ಒಂದೇ ಪದವನ್ನು ನೂರಾರು ಸಲ ತುರುಕುವುದು, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬಚ್ಚಿಡುವುದು ಶುರುವಾಯಿತು. ಓದುಗನಿಗೆ ಕಾಣದ, ಯಂತ್ರಕ್ಕೆ ಮಾತ್ರ ಕಾಣುವ ಬರಹ ಹುಟ್ಟಿದ್ದು ಅಲ್ಲಿ.

ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಗೂಗಲ್ ಸ್ಥಾಪಿಸಿದಾಗ ತಂದ ಪೇಜ್‌ರ‍್ಯಾಂಕ್ ಎಂಬ ವಿಧಾನವನ್ನು ನಮ್ಮ ಮಂಡಿಪೇಟೆಯಲ್ಲಿ ನಿಂತು ಸುಲಭವಾಗಿ ವಿವರಿಸಬಹುದು. ಒಳ್ಳೆಯ ಬೇಳೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾ ಹೋಗಿ. ನಾಲ್ವರು ಒಂದೇ ಅಂಗಡಿ ತೋರಿಸಿದರೆ ಅಲ್ಲಿಗೆ ಹೋಗುತ್ತೀರಿ. ತೋರಿಸಿದವರಲ್ಲಿ ಎಲ್ಲರೂ ನಂಬುವ ಹಳೆಯ ವರ್ತಕರೊಬ್ಬರಿದ್ದರೆ ಅವರೊಬ್ಬರ ಮಾತಿಗೇ ಹತ್ತು ಜನರ ಮಾತಿನ ತೂಕ. ಒಂದು ಪುಟ ಇನ್ನೊಂದಕ್ಕೆ ಕೊಡುವ ಲಿಂಕ್ ಇಂಥ ಶಿಫಾರಸು ಎಂದು ಗೂಗಲ್ ಎಣಿಸಿತು. ಅದು ಬಹಳ ಒಳ್ಳೆಯ ಆಲೋಚನೆ. ಆದರೆ ಶಿಫಾರಸಿಗೆ ಬೆಲೆ ಬಂದ ಮೇಲೆ ಅದನ್ನು ಮಾರುವವರೂ ಬಂದರು, ಲಿಂಕ್‌ಗಳ ವ್ಯಾಪಾರವೇ ಬೆಳೆಯಿತು.

ಮುಂದಿನ ವರ್ಷಗಳು ಈ ಕಳ್ಳದಾರಿಗಳನ್ನು ಮುಚ್ಚುವುದರಲ್ಲೇ ಕಳೆದವು. 2006ರಲ್ಲಿ ಬಿಎಂಡಬ್ಲ್ಯುವಿನ ಜರ್ಮನ್ ಜಾಲತಾಣ ಯಂತ್ರಕ್ಕೆ ಒಂದು ಪುಟ, ಜನರಿಗೆ ಇನ್ನೊಂದು ಪುಟ ತೋರಿಸಿದ್ದಕ್ಕೆ ಗೂಗಲ್ ಅದನ್ನು ಫಲಿತಾಂಶಗಳಿಂದ ಕೆಲಕಾಲ ಹೊರಗಿಟ್ಟಿತು. ಪುಟದ ಹಿಂದೆ ಅಡಗಿಸಿಡುವ ಕೀವರ್ಡ್, ಅಂದರೆ ಹುಡುಕುವ ಪದಗಳ, ಪಟ್ಟಿಯನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲವೆಂದು 2009ರಲ್ಲಿ ಸ್ಪಷ್ಟವಾಗಿ ಹೇಳಿತು. ದೊಡ್ಡ ಹೊಡೆತ ಬಿದ್ದದ್ದು 2011ರ ಫೆಬ್ರವರಿಯಲ್ಲಿ. ಫಲಿತಾಂಶಗಳನ್ನು ಜೋಡಿಸುವ ಲೆಕ್ಕದಲ್ಲಿ ಗೂಗಲ್ ಮಾಡಿದ ಪಾಂಡಾ ಎಂಬ ಬದಲಾವಣೆ ಅಮೆರಿಕದ ಶೇ 11.8ರಷ್ಟು ಹುಡುಕಾಟಗಳ ಫಲಿತಾಂಶವನ್ನು ಎದ್ದು ಕಾಣುವಂತೆ ಬದಲಿಸಿತು. ಜನ ಏನನ್ನು ಹುಡುಕುತ್ತಾರೆಂದು ನೋಡಿ, ಅಗ್ಗದ ಕೂಲಿಗೆ ರಾಶಿ ರಾಶಿ ಲೇಖನ ಬರೆಸಿ ಹಾಕುತ್ತಿದ್ದ ತಾಣಗಳು ಕೆಳಗೆ ಬಿದ್ದವು. 2012ರ ಪೆಂಗ್ವಿನ್ ಲಿಂಕ್ ವ್ಯಾಪಾರಕ್ಕೆ ಕೈ ಹಾಕಿತು. 2013ರ ಹಮ್ಮಿಂಗ್‌ಬರ್ಡ್, 2019ರ ಬರ್ಟ್ ಬಿಡಿ ಪದಗಳನ್ನು ದಾಟಿ ಇಡೀ ಪ್ರಶ್ನೆಯ ಅರ್ಥ ಹಿಡಿಯಲು ಯತ್ನಿಸಿದವು.

ಇದೆಲ್ಲ ಇಂಗ್ಲಿಷ್ ಪುಟಗಳ ಚರಿತ್ರೆ. ಕನ್ನಡದ ಪಾಡೇ ಬೇರೆ ಇತ್ತು, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಭಾಷೆಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ಕಚೇರಿ, ಡಿಟಿಪಿ ಅಂಗಡಿ, ಪತ್ರಿಕೆಗಳು ಬಹುಕಾಲ ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲೇ ಕೆಲಸ ಮಾಡಿದವು. ಆ ಫಾಂಟ್‌ಗಳಲ್ಲಿ ತೆರೆಯ ಮೇಲೆ ಕಾಣುತ್ತಿದ್ದದ್ದು ‘ದಾವಣಗೆರೆ’. ಕಡತದೊಳಗೆ ಇದ್ದದ್ದು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಫಾಂಟ್ ಆ ಅಕ್ಷರಗಳಿಗೆ ಕನ್ನಡದ ವೇಷ ಹಾಕುತ್ತಿತ್ತು, ಅಷ್ಟೆ. ಸರ್ಚ್ ಎಂಜಿನ್ ಓದುವುದು ಕಡತವನ್ನು. ಹೀಗಾಗಿ ಎಷ್ಟೋ ಒಳ್ಳೆಯ ಕನ್ನಡ ಬರಹ ಅಂತರ್ಜಾಲದಲ್ಲಿದ್ದೂ ಹುಡುಕಿದವರಿಗೆ ಸಿಗಲಿಲ್ಲ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರ ಒಡೆಯುತ್ತಿತ್ತು, ಅರ್ಕಾವೊತ್ತು ಜಾಗ ತಪ್ಪುತ್ತಿತ್ತು. ಒಂದೊಂದು ಪುಟವನ್ನೂ ಕೂತು ತಿದ್ದಬೇಕಿತ್ತು.

ಈ ತೊಡಕು ಬಿಡಿಸಿಕೊಳ್ಳುವ ಹೊತ್ತಿಗೆ ಯಂತ್ರಾನುವಾದ ಬಂತು. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ 2011ರಲ್ಲಿ ಕನ್ನಡ ಸೇರಿತು, 2017ರಲ್ಲಿ ಅನುವಾದದ ಗುಣಮಟ್ಟ ಸುಧಾರಿಸಿತು. ಇಂಗ್ಲಿಷ್ ಪುಟವನ್ನು ಅದರೊಳಗೆ ಹಾಕಿ, ಬಂದದ್ದನ್ನು ಓದಿಯೂ ನೋಡದೆ ಪ್ರಕಟಿಸುವ ಅಭ್ಯಾಸ ಬೆಳೆಯಿತು. ಯಾರೂ ಪರಿಶೀಲಿಸದ ಇಂಥ ಅನುವಾದದ ರಾಶಿಯನ್ನು ಗೂಗಲ್ ಸ್ಪ್ಯಾಮ್ ಎಂದೇ ಪರಿಗಣಿಸುತ್ತದೆ. ನನ್ನ ಹುಳುವಿನ ಪುಟ ಯಂತ್ರಾನುವಾದವಲ್ಲ, ನಾನೇ ಬರೆದದ್ದು. ಆದರೆ ಅದರ ಮನಸ್ಸು ಇಂಗ್ಲಿಷ್ ಪುಟದ್ದು, ಮಾತು ವರದಿಯದ್ದು.

ಅಂಗಡಿಯ ಮಾಲೀಕರು ಒಂದು ಸಂಜೆ ಕರೆದು, ಜನ ಏನೆಂದು ಹುಡುಕಿ ಇಲ್ಲಿಗೆ ಬರುತ್ತಾರೆ ಎಂದು ಕೇಳಿದರು. ಸರ್ಚ್ ಕನ್ಸೋಲ್ ಎಂಬ ಗೂಗಲ್‌ನ ಉಚಿತ ಸೌಲಭ್ಯದಲ್ಲಿ ಆ ಪಟ್ಟಿ ಸಿಗುತ್ತದೆ. ತೆರೆದು ನೋಡಿದೆವು. ‘ಲದ್ದಿ ಹುಳು’, ‘ಸೈನಿಕ ಹುಳು’, ‘ಜೋಳದ ಸುಳಿ ಹುಳ’. ಹಾವೇರಿ ಕಡೆಯವರದ್ದಿರಬೇಕು, ‘ಗೋವಿನಜೋಳ’ ಎಂದೂ ಇತ್ತು. ನನ್ನ ಪುಟದಲ್ಲಿ ಇದ್ದದ್ದು ‘ಮುಸುಕಿನ ಜೋಳ’ ಮಾತ್ರ, ಅದು ಬೆಂಗಳೂರು-ಮೈಸೂರು ಕಡೆಯ ಮಾತು. ಒಂದೇ ಬೆಳೆಗೆ ಮೂರು ಹೆಸರು. ದಾವಣಗೆರೆಯಲ್ಲಿ ಕೂತು ದಾವಣಗೆರೆಯ ಹೆಸರನ್ನೇ ಬಿಟ್ಟಿದ್ದೆ.

ಪುಟವನ್ನು ಮೊದಲಿನಿಂದ ಬರೆದೆ. ತಲೆಬರಹ: ‘ಮೆಕ್ಕೆಜೋಳದ ಸುಳಿಯಲ್ಲಿ ಲದ್ದಿ ಹುಳು: ಗುರುತಿಸುವುದು ಹೇಗೆ?’ ಮೊದಲ ಸಾಲಿನಲ್ಲೇ ಉತ್ತರ. ಇಂಗ್ಲಿಷ್ ಪುಟಗಳು ಹುಳುವಿನ ತಲೆಯ ಮೇಲೆ ‘ತಲೆಕೆಳಗಾದ ವೈ’ ಗುರುತಿದೆ ಎನ್ನುತ್ತವೆ. ಮಾಲೀಕರು ಅದನ್ನು ಕೇಳಿ, ‘ಕವೆಗೋಲನ್ನು ತಲೆಕೆಳಗು ಹಿಡಿದಂತೆ ಎಂದು ಬರೆಯಿರಿ’ ಎಂದರು. ಹಾಗೆಯೇ ಬರೆದೆ. ಬಾಲದ ಕಡೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ ಎಂಬುದು ಎರಡನೆಯ ಸಾಲು. ಹೊಲದಲ್ಲೇ ಮೊಬೈಲ್‌ನಿಂದ ತೆಗೆದ ಚಿತ್ರವನ್ನು, ಹಳ್ಳಿಯ ನೆಟ್‌ವರ್ಕ್‌ನಲ್ಲೂ ಬೇಗ ತೆರೆಯುವಂತೆ, ಗಾತ್ರ ಕುಗ್ಗಿಸಿ ಹಾಕಿದೆ. ಸುಳಿಗೇ ಔಷಧಿ ಬೀಳಬೇಕು, ಮರಿಹುಳು ಚಿಕ್ಕದಿರುವಾಗಲೇ ಸಿಂಪಡಿಸಬೇಕು, ಬೆಳಗ್ಗೆ ಅಥವಾ ಸಂಜೆ ಸಿಂಪಡಿಸಬೇಕು ಎಂಬುದು ನಂತರ. ಮೂರು ಹೆಸರೂ ಸಹಜವಾಗಿ ಬರುವಲ್ಲಿ ಒಂದೊಂದು ಸಲ ಬಂದವು. ದೇಶಗಳ ಪಟ್ಟಿ ಪೂರ್ತಿ ಹೋಯಿತು. ಮೊದಲ ಪುಟದ ಫಲಿತಾಂಶಗಳಿಗೆ ಅದು ಏರಲು ಎರಡು ಮಳೆಗಾಲ ಬೇಕಾಯಿತು.

2022ರ ಆಗಸ್ಟ್‌ನಲ್ಲಿ ಗೂಗಲ್ ‘ಉಪಯುಕ್ತ ಬರಹ’ಕ್ಕೆಂದೇ ಒಂದು ಬದಲಾವಣೆ ತಂದಿತು. ಮೊದಲು ಇಂಗ್ಲಿಷಿಗೆ, ಡಿಸೆಂಬರ್‌ನಲ್ಲಿ ಎಲ್ಲ ಭಾಷೆಗಳಿಗೆ. ಅದೇ ಡಿಸೆಂಬರ್‌ನಲ್ಲಿ, ಫಲಿತಾಂಶಗಳನ್ನು ಅಳೆದುನೋಡುವವರಿಗೆ ಕೊಡುವ ಮಾರ್ಗಸೂಚಿಯಲ್ಲಿ ಪರಿಣತಿ, ಮನ್ನಣೆ, ವಿಶ್ವಾಸಾರ್ಹತೆಯ ಜೊತೆಗೆ ‘ಅನುಭವ’ವೂ ಸೇರಿತು. ಇದರ ಅರ್ಥ ತಿಳಿಯಲು ಚಿತ್ರದುರ್ಗದ ಕೋಟೆಯ ಬಗ್ಗೆ ಹುಡುಕಿದರೆ ಸಾಕು. ಹೆಚ್ಚಿನ ಪುಟಗಳು ನಾಯಕರ ವಂಶಾವಳಿಯಿಂದ ಆರಂಭವಾಗುತ್ತವೆ. ವಯಸ್ಸಾದ ತಾಯಿಯನ್ನು ಕರೆದೊಯ್ಯುವ ಮಗಳಿಗೆ ಬೇಕಾದದ್ದು ಬೇರೆ: ಬಿಸಿಲು ಏರುವ ಮುನ್ನ ಎಷ್ಟು ದೂರ ಹತ್ತಬಹುದು, ಕೂರಲು ನೆರಳು ಎಲ್ಲಿದೆ, ಒನಕೆ ಓಬವ್ವನ ಕಿಂಡಿಯವರೆಗೆ ಅಮ್ಮ ನಡೆಯಬಲ್ಲರೇ. ಅದನ್ನು ಹತ್ತಿ ಇಳಿದವರೇ ಬರೆಯಬೇಕು. ವಂಶಾವಳಿ ಬೇಡವೆಂದಲ್ಲ, ಅದನ್ನು ಹುಡುಕಿ ಬಂದವರಿಗೆ ಬೇರೆ ಪುಟವಿರಲಿ.

2024ರ ಮಾರ್ಚ್‌ನಲ್ಲಿ ‘ಉಪಯುಕ್ತ ಬರಹ’ದ ಅಳತೆ ಗೂಗಲ್‌ನ ಮುಖ್ಯ ವ್ಯವಸ್ಥೆಯೊಳಗೇ ಸೇರಿಹೋಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೃತಕ ಬುದ್ಧಿಮತ್ತೆಯ ಸಾರಾಂಶಗಳು ಭಾರತದಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಫಲಿತಾಂಶಗಳ ಮೇಲೆ ಕಾಣಿಸಿಕೊಂಡವು. ಉತ್ತರ ಮೇಲೆಯೇ ಸಿಕ್ಕಿದರೆ ಪುಟಕ್ಕೆ ಯಾರು ಬರುತ್ತಾರೆ ಎಂಬ ಆತಂಕ ಬರೆಯುವವರೆಲ್ಲರಿಗೂ ಇದೆ, ನನಗೂ ಇದೆ. ಆದರೆ ಸಾರಾಂಶಕ್ಕೂ ಯಾರೋ ಹೊಲದಲ್ಲಿ ನೋಡಿ ಬರೆದದ್ದು ಬೇಕು.

ಹೋದ ಮುಂಗಾರಿನಲ್ಲಿ ಜಗಳೂರು ಕಡೆಯ ರೈತರೊಬ್ಬರು ನಮ್ಮ ಪುಟ ಓದಿ ಅಂಗಡಿಗೆ ಫೋನ್ ಮಾಡಿದರು. ಹುಳು ಇನ್ನೂ ಕಂಡಿಲ್ಲ, ಎಲೆಯ ಮೇಲೆ ಹತ್ತಿಯ ನವಿರು ಹೊದ್ದ ಸಣ್ಣ ಮೊಟ್ಟೆಗಳ ಗುಂಪಿದೆ, ಇದೂ ಅದೇನಾ ಎಂದು ಕೇಳಿದರು. ಅದೇ. ಎಲೆಯಿಂದ ಒರೆಸಿ ಹೊಸಕಿಬಿಡಬಹುದಾದ ಹಂತ. ಅದು ನಮ್ಮ ಪುಟದಲ್ಲಿ ಇರಲಿಲ್ಲ. ಚಿತ್ರ ಕಳಿಸಿ ಎಂದು ಕೇಳಿಕೊಂಡು, ಅದೇ ಸಂಜೆ ಮೊದಲ ಸಾಲಿನ ಕೆಳಗೆ ಸೇರಿಸಿದೆವು.